ಏಳನೇ ಮೆಟ್ಟಿಲಿನ ದೆವ್ವ

ಗಾರೆ ಕೆಲಸದವನು ಊರವರ ಗೋಡೆಗೆಲ್ಲ ರಸಮಟ್ಟ ಇಟ್ಟು ನೋಡುತ್ತಾನೆ, ತನ್ನ ಮನೆಗೆ ಮಾತ್ರ ಕಣ್ಣಳತೆ ಸಾಕು ಅನ್ನುತ್ತಾನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದ ನಾನೂ ಹಾಗೇ ಅಂದವನು. ಮಳವಳ್ಳಿಯ ನಮ್ಮ ಮನೆಯನ್ನು ನಾನೇ ಕೈಯಾರೆ ಕಟ್ಟಿದ್ದು. ಅದರ ಮಹಡಿ ಮೆಟ್ಟಿಲಲ್ಲಿ ಏಳನೆಯದು ಒಂದಿಂಚು ಎತ್ತರ. ಹದಿನೆಂಟು ವರ್ಷದಿಂದ ಯಾರಿಗೂ ಹೇಳಿಲ್ಲ. ಮನೆಯವರಿಗೆ ಅಲ್ಲಿ ಕಾಲನ್ನು ಒಂಚೂರು ಮೇಲೆತ್ತುವುದು ಅಭ್ಯಾಸವಾಗಿದೆ. ನೆಂಟರು ಎಡವಿದರೆ ಅವರ ಕಣ್ಣಿನ ಪೊರೆಯ ಬಗ್ಗೆ ಕಾಳಜಿಯಿಂದ ವಿಚಾರಿಸುತ್ತೇನೆ.

ಹೋದ ವರ್ಷ ಐದಾರು ಜನ ಬಂದು, ದೆವ್ವದ ಸಿನಿಮಾ ತೆಗೆಯುತ್ತೇವೆ, ನಾಲ್ಕು ದಿನ ಮನೆ ಬೇಕು ಎಂದರು. ಡೈರೆಕ್ಟರು ಮೆಟ್ಟಿಲು ಹತ್ತಿಳಿದು, ನಮಗೆ ಇದೇ ಬೇಕಿತ್ತು ಎಂದಾಗ ನನ್ನ ಎದೆ ಉಬ್ಬಿತು. ಬಡ ಸಿನಿಮಾ. ನಾನು ಕೆಲಸಕ್ಕೆ ಹೋದ ಮೇಲೆ ಹಗಲಲ್ಲೇ ಕಿಟಕಿಗೆ ಟಾರ್ಪಾಲು ಕಟ್ಟಿ ರಾತ್ರಿ ಮಾಡಿದರು. ದೆವ್ವಕ್ಕೆ ನನ್ನ ಮದುವೆಯ ಪಂಚೆ ಉಡಿಸಿದರು. ರಕ್ತ ಬೇಕೆಂದಾಗ ನನ್ನ ಹೆಂಡತಿ ಜಯಮ್ಮ ಬೀಟ್‌ರೂಟ್ ಬೇಯಿಸಿ ನೀರು ಬಸಿದು ಕೊಟ್ಟಳು. ಉಳಿದದ್ದನ್ನು ಪಲ್ಯ ಮಾಡಿ ದೆವ್ವಕ್ಕೇ ಬಡಿಸಿದಳು.

ಸಿನಿಮಾ ಮಂಡ್ಯದ ಟಾಕೀಸಿಗೆ ಬಂದಾಗ ಮದ್ದೂರಿನ ನಂಜೇಗೌಡರನ್ನು ಬಲವಂತ ಮಾಡಿ ಬೆಳಗಿನ ಆಟಕ್ಕೆ ಕರೆದೊಯ್ದೆ. ಅವರು ಎರಡಂತಸ್ತಿನ ಮನೆ ಕಟ್ಟಿಸುವವರಿದ್ದರು. ಸಿಕ್ಕರೆ ನನಗೂ ನನ್ನ ನಾಲ್ಕು ಆಳುಗಳಿಗೂ ಒಂದು ವರ್ಷದ ಕೆಲಸ. ನನ್ನ ಕೈಗುಣವನ್ನು ಪರದೆಯಷ್ಟು ದೊಡ್ಡದಾಗಿಯೇ ನೋಡಲಿ ಎಂಬ ಹಮ್ಮು ನನಗೆ.

ದೆವ್ವದ ಕೈಯಲ್ಲಿ ವಾಚಿತ್ತು. ಹೀರೋ ಬಾಯಿ ಮುಚ್ಚಿದ ಮೇಲೆ ಅವನ ಮಾತು ಬರುತ್ತಿತ್ತು. ದೆವ್ವ ಕಿರುಚಿದಾಗಲೆಲ್ಲ ಜನ ನಕ್ಕರು. ನ್ಯಾಯವಾಗಿ ಹೇಳಬೇಕೆಂದರೆ ಕತ್ತಲೆ ಚೆನ್ನಾಗಿತ್ತು, ನಮ್ಮ ಬಾಗಿಲಿನ ಕಿರ್ರೆನ್ನುವ ಸದ್ದು ಇನ್ನೂ ಚೆನ್ನಾಗಿತ್ತು. ಅಷ್ಟರಲ್ಲಿ ಹೀರೋಯಿನ್ನು ಮಹಡಿಗೆ ಓಡಿದಳು, ಏಳನೇ ಮೆಟ್ಟಿಲಲ್ಲಿ ಬಿದ್ದಳು. ಹೀರೋ ಓಡಿದ, ಅಲ್ಲೇ ಬಿದ್ದ. ಪೊಲೀಸಿನವನೂ ಅಲ್ಲೇ. ಟಾಕೀಸು ಉಸಿರು ಬಿಗಿ ಹಿಡಿಯಿತು. ಹಿಂದಿನ ಸಾಲಿನ ಹೆಂಗಸೊಬ್ಬಳು, "ಅದೇ ಮೆಟ್ಲಲ್ಲಿ ಕಾಲ್ ಹಿಡ್ಕತದೆ ಕಣಮ್ಮ" ಎಂದು ಪಕ್ಕದವಳ ಕೈ ಹಿಡಿದುಕೊಂಡಳು. ಇಡೀ ಸಿನಿಮಾದಲ್ಲಿ ಜನ ಹೆದರಿದ್ದು ಅಲ್ಲಿ ಮಾತ್ರ. ಬೆವರಿದ್ದು ನಾನೊಬ್ಬನೇ. ಅವರಾರೂ ನಟಿಸಿರಲಿಲ್ಲ, ನಿಜವಾಗಿಯೂ ಬಿದ್ದಿದ್ದರು. ಆದರೂ ತಪ್ಪು ದೆವ್ವದ ತಲೆಗೆ ಹೋಗುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ದೆವ್ವವೂ ಮೆಟ್ಟಿಲು ಹತ್ತಿತು. ಏಳನೆಯದರಲ್ಲಿ ಎಡವಿ, ನನ್ನ ಪಂಚೆ ಸಮೇತ ಮುಗ್ಗರಿಸಿತು.

ನಂಜೇಗೌಡರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಅಲ್ಲ ಮೇಸ್ತ್ರಿ, ಇವ್ರನ್ನೆಲ್ಲ ದೆವ್ವ ಬೀಳುಸ್ತು ಅನ್ಕಳವ. ದೆವ್ವನ ಬೀಳ್ಸಿದ್ದು ಯಾರ್ಲಾ?"

ಒಂದಿಂಚು ತಪ್ಪಿದೆ ಗೌಡರೇ, ನಿಮ್ಮ ಮನೆಯಲ್ಲಿ ತಪ್ಪುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು, ಅದೆಲ್ಲ ಸಿನಿಮಾದವರ ಟ್ರಿಕ್ಕು ಎಂದೆ. ಅವರು ಬಸ್ಸಿನಲ್ಲಿ ಮನೆಯ ಮಾತೇ ಎತ್ತದೆ ಮದ್ದೂರಿನಲ್ಲಿ ಇಳಿದು ಹೋದರು. ಅವರ ಪಾಯವನ್ನು ಬೇರೆ ಮೇಸ್ತ್ರಿ ತೆಗೆಸಿದ. ನನ್ನ ನಾಲ್ಕು ಆಳುಗಳೂ ಈಗ ಅವನ ಹತ್ತಿರವೇ ಇದ್ದಾರೆ.

ಇಷ್ಟು ಸಾಲದೆಂದು ಹದಿನೆಂಟು ವರ್ಷದ ಅಭ್ಯಾಸವೂ ಕೈಕೊಟ್ಟಿದೆ. ಏಳನೆಯದು ಬಂತು, ಬಂತು ಎಂದು ಎಣಿಸುತ್ತ ಹತ್ತುತ್ತೇನೆ, ಎಣಿಸುತ್ತಲೇ ಎಡವುತ್ತೇನೆ. ಮೊನ್ನೆ ಬಿದ್ದ ಸದ್ದಿಗೆ ಜಯಮ್ಮ ಅಡುಗೆಮನೆಯಿಂದಲೇ, "ಅದೊಂದ್ ಮೆಟ್ಲ ಒಡ್ದು ಕಟ್ಬುಡಿ ಅತ್ಲಾಗೆ" ಎಂದಳು. ಅರ್ಧ ದಿನದ ಕೆಲಸ, ನನಗೂ ಗೊತ್ತು. ಆದರೆ ಒಡೆದರೆ ತಪ್ಪು ನನ್ನದೆಂದು ಒಪ್ಪಿದಂತಾಗುತ್ತದೆ. ಅದಕ್ಕೇ ಈಗೀಗ, ನಮ್ಮ ಮನೆಯಲ್ಲಿ ದೆವ್ವ ಇದ್ದರೂ ಇರಬಹುದು ಎಂದು ನನಗೆ ನಂಬಿಕೆ ಬರತೊಡಗಿದೆ.