ಮುನಿಶಾಮಪ್ಪನ ಹೆಸರಿನ ಡಬ್ಬಿ

ಅಮೃತಹಳ್ಳಿಯ ಮುನಿಶಾಮಪ್ಪನಿಗೆ ಸೂಜಿ ಕಂಡರೆ ಆಗುವುದಿಲ್ಲ. ಊರ ಹೊಲಗಳೆಲ್ಲ ಸೈಟುಗಳಾದ ಕಾಲದಲ್ಲಿ ಲಾಯರು, ಬ್ರೋಕರು, ರೌಡಿಗಳ ಎದುರು ತೊಡೆ ತಟ್ಟಿ ನಿಂತ ಮನುಷ್ಯ, ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದರೆ ಸಾಕು, ಬೆವರಿಬಿಡುತ್ತಾನೆ. ಇಂಥವನಿಗೆ ರಾತ್ರಿಯೆಲ್ಲ ಎದ್ದೆದ್ದು ಬಚ್ಚಲಿಗೆ ಓಡುವ ಕಾಟ ಶುರುವಾಯಿತು. ಹೆಂಡತಿ ಪಟಾಲಮ್ಮ ಬಿಡಬೇಕಲ್ಲ, ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ರಕ್ತ ಪರೀಕ್ಷೆಯಲ್ಲಿ ಅನುಮಾನ ಬಂತು. "ಪ್ರಾಸ್ಟೇಟ್ ಗ್ರಂಥಿ ದಪ್ಪ ಆಗಿದೆ. ಕ್ಯಾನ್ಸರ್ ಇರಬಹುದು, ಇಲ್ದೇನೂ ಇರಬಹುದು. ಖಾತ್ರಿ ಆಗ್ಬೇಕು ಅಂದ್ರೆ ಹಿಂದಗಡೆಯಿಂದ ಸೂಜಿ ಹಾಕಿ ಚೂರು ತೆಗೀಬೇಕು" ಅಂದರು ಡಾಕ್ಟರು. ಮುನಿಶಾಮಪ್ಪ ಎರಡೂ ಕೈಗಳಿಂದ ಹಿಂಭಾಗ ಮುಚ್ಚಿಕೊಂಡು ಎದ್ದು ನಿಂತ. ಡಾಕ್ಟರಿಗೇ ಅಯ್ಯೋ ಅನ್ನಿಸಿತೇನೋ. "ಅದಕ್ಕೆ ಮುಂಚೆ ಈಗೊಂದು ಹೊಸ ಟೆಸ್ಟ್ ಇದೆ. ಮೂತ್ರದಲ್ಲೇ ಜೀನ್ ಓದ್ತಾರೆ. ರಿಸ್ಕ್ ಕಡಿಮೆ ಅಂತ ಬಂದ್ರೆ ಸದ್ಯಕ್ಕೆ ಸೂಜಿ ಬೇಡ" ಅಂತ ದಾರಿ ತೋರಿಸಿದರು.

ಪರೀಕ್ಷೆಯ ದಿನ ಜೊತೆಗೆ ಹೋದವನು ಭಾಮೈದ ಬ್ಯಾಟರಾಯಪ್ಪ. ಚಿಕ್ಕಜಾಲದವನು, ಪಟಾಲಮ್ಮನ ಒಬ್ಬನೇ ತಮ್ಮ. ಜ್ವರ ಅಂತ ಒಂದು ದಿನ ಕಂಬಳಿ ಹೊದ್ದವನಲ್ಲ, ಕಲ್ಲು ತಿಂದರೂ ಅರಗಿಸಿಕೊಳ್ಳುವ ಆಳು. ಡಾಕ್ಟರು ಮೊದಲು ಬೆರಳಿನಿಂದ ಗ್ರಂಥಿ ಒತ್ತಿ ನೋಡಿದರು. ಆ ಭಾಗವನ್ನು ನಾವು ಬಿಟ್ಟುಬಿಡೋಣ, ಮುನಿಶಾಮಪ್ಪನೇ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆಮೇಲೆ ಅವನ ಹೆಸರು ಅಂಟಿಸಿದ ಒಂದು ಡಬ್ಬಿ ಕೊಟ್ಟು, ಈಗ ಬರುವ ಮೊದಲ ಮೂತ್ರವೇ ಬೇಕು ಅಂತ ಬಚ್ಚಲಿಗೆ ಕಳಿಸಿದರು.

ಡಬ್ಬಿ ತುಂಬಿತು. ಮುನಿಶಾಮಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. ಈ ಇಷ್ಟು ನೀರು ನಾಳೆ ತನ್ನ ಮೇಲೇ ಸಾಕ್ಷಿ ಹೇಳುತ್ತದಲ್ಲ. ಬಾಗಿಲು ಸಂದು ಮಾಡಿ ಭಾಮೈದನನ್ನು ಕರೆದ.

"ಬ್ಯಾಟ, ಇದನ್ನ ಚೆಲ್ಬುಟ್ಟು ನಿಂದು ತುಂಬ್ಸು."

"ಯಾಕ್ ಭಾವ? ಕಾಯಿಲೆ ಇರೋದು ನಿಂಗಲ್ವಾ?"

"ಗಾಡಿ ಲೈಸೆನ್ಸಿಗೆ ಎಂಟು ಒಡ್ದಿದ್ದು ಯಾರು? ನೀನು. ಲೈಸೆನ್ಸ್ ಬಂದಿದ್ದು ಯಾರ್ ಎಸ್ರಿಗೆ? ನನ್ ಎಸ್ರಿಗೆ. ಇದುವರ್ಗೂ ಯಾರ್ಗಾದ್ರೂ ಗುದ್ದಿದ್ದೀನಾ?"

ಮುನಿಶಾಮಪ್ಪನ ತರ್ಕ ಹೀಗೆ. ಪೇಪರು ಕ್ಲೀನಾಗಿದ್ದರೆ ಜಮೀನು ಕ್ಲೀನು ಅಂತ ಜೀವಮಾನವೆಲ್ಲ ನಂಬಿದವನು, ಮೈಗೂ ಅದೇ ಕಾನೂನು ಅಂದುಕೊಂಡ. ಬ್ಯಾಟರಾಯಪ್ಪ ಒಂದು ಸಲ ಡಬ್ಬಿಯನ್ನೂ ಒಂದು ಸಲ ಭಾವನ ಮುಖವನ್ನೂ ನೋಡಿ, ಡಬ್ಬಿ ತೆಗೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡ. ನೀರು ಬಿಟ್ಟ ಸದ್ದಾಯಿತು. ಹೊರಗೆ ಬಂದು ತುಂಬಿದ ಡಬ್ಬಿಯನ್ನು ನರ್ಸಮ್ಮನಿಗೆ ಕೊಟ್ಟ. ಅವತ್ತು ರಾತ್ರಿ ಮುನಿಶಾಮಪ್ಪ ಬಚ್ಚಲಿಗೆ ಎದ್ದಾಗಲೆಲ್ಲ ಹಾಡು ಗುನುಗಿಕೊಂಡೇ ಹೋಗಿ ಬಂದ.

ಆಸ್ಪತ್ರೆಯಿಂದ ಫೋನು ಬಂದ ಬೆಳಿಗ್ಗೆ ಅವನು ಚಿತ್ರಾನ್ನ ತಿನ್ನುತ್ತಿದ್ದ. ಪಟಾಲಮ್ಮ ಫೋನೆತ್ತಿ ಸ್ಪೀಕರ್ ಹಾಕಿದಳು. "ರಿಸ್ಕ್ ಜಾಸ್ತಿ ಅಂತ ಬಂದಿದೆ. ನಾಳೆನೇ ಬನ್ನಿ, ಸೂಜಿ ಪರೀಕ್ಷೆ ಮಾಡ್ಲೇಬೇಕು. ಗಾಬರಿ ಬೇಡ, ಬೇಗ ಸಿಕ್ಕಿದ್ರೆ ವಾಸಿ ಮಾಡಬಹುದು" ಅಂದರು ಡಾಕ್ಟರು. ಪಟಾಲಮ್ಮ ಅಲ್ಲೇ ಕುಸಿದು ಕೂತು ಸೆರಗು ಬಾಯಿಗಿಟ್ಟುಕೊಂಡಳು.

ಮುನಿಶಾಮಪ್ಪನಿಗೆ ನಗು ಬಂತು. ಸದ್ಯ, ತನ್ನದಲ್ಲವಲ್ಲ. ಇನ್ನೊಂದು ತುತ್ತು ಎತ್ತಿದವನು ಅದನ್ನು ತಟ್ಟೆಗೇ ವಾಪಸ್ ಹಾಕಿದ. ತನ್ನದಲ್ಲದಿದ್ದರೆ ಬ್ಯಾಟರಾಯಪ್ಪನದು. ಆ ಕಬ್ಬಿಣದಂಥ ಆಳಿಗೆ ಕ್ಯಾನ್ಸರ್, ಅದು ಅವನಿಗೇ ಗೊತ್ತಿಲ್ಲ.

ಪಟಾಲಮ್ಮನ ಅಳು ಕೇಳಿ ಪಕ್ಕದ ಮನೆಯ ನಾರಾಯಣಮ್ಮ ಬಂದಳು. ಅವಳ ಹಿಂದೆ ಬೀದಿ ಕೊನೆಯ ಬ್ರೋಕರ್ ಮುನಿಯಣ್ಣನೂ ಬಂದ.

"ನಂಗೇನೂ ಆಗಿಲ್ಲ ಕಣಮ್ಮ. ಅದು ನಂದಲ್ಲ" ಅಂದ ಮುನಿಶಾಮಪ್ಪ.

"ಮೊದ್ಮೊದ್ಲು ಎಲ್ರೂ ಇಂಗೇ ಅನ್ನೋದು. ನಮ್ ಮಾವ್ನೂ ನಂಗಲ್ಲ ನಂಗಲ್ಲ ಅಂತಾನೇ ಓಗ್ಬುಟ್ಟ" ಅಂತ ನಾರಾಯಣಮ್ಮ ಮೂಗು ಒರೆಸಿಕೊಂಡಳು. "ನೋಡ್ರವ್ವ, ಇಂತಾ ಟೇಮಲ್ಲೂ ಎಂಗ್ ತಟ್ಟೆ ಮುಂದೆ ಕುಂತವ್ರೆ. ಎದೆ ಅಂದ್ರೆ ಇದು."

ಮುನಿಯಣ್ಣ ಹತ್ತಿರ ಸರಿದು ದನಿ ತಗ್ಗಿಸಿದ. "ನಿಮ್ ಮೂಲೆ ಸೈಟ್ ಮಾರೋ ಇಚಾರ ಈಗ ಎತ್ಬಾರ್ದು ಅಣ್ಣ. ಆದ್ರೂ ಕೈ ಗಟ್ಟಿಯಾಗಿರೋವಾಗ್ಲೇ ಒಂದು ಸೈನ್ ಆಕ್ಬುಟ್ರೆ ಮನಸ್ಸಿಗೆ ಸಮಾಧಾನ ನೋಡಿ."

ಅವನನ್ನು ಕಣ್ಣಲ್ಲೇ ಸುಟ್ಟು ಮುನಿಶಾಮಪ್ಪ ಎದ್ದು ಹೊರಗೆ ಬಂದ. ಮಹಡಿ ಮನೆಯ ಬಾಡಿಗೆಯವಳು ಪದ್ಮಶ್ರೀ, ಕಾಲೇಜಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ಮೆಟ್ಟಿಲಿಳಿದು ಬರುತ್ತಿದ್ದಳು. ಅವಳನ್ನು ಅಡ್ಡಗಟ್ಟಿದ.

"ಅಲ್ಲಮ್ಮಾ, ಉಚ್ಚೇಲಿ ಕ್ಯಾನ್ಸರ್ರು ಎಂಗ್ ಗೊತ್ತಾಯ್ತದೆ?"

"ಆ ಗ್ರಂಥಿಯಿಂದ ಜೀವಕೋಶದ ಚೂರುಗಳು ಉದುರಿ ಮೂತ್ರದಲ್ಲಿ ಬರ್ತಿರ್ತವೆ ಅಂಕಲ್, ಕಣ್ಣಿಗೆ ಕಾಣಲ್ಲ. ಅದರಲ್ಲಿ ಯಾವ ಜೀನ್ ಎಷ್ಟು ಜೋರಾಗಿ ಕೆಲಸ ಮಾಡ್ತಿದೆ ಅಂತ ಮಷೀನಲ್ಲಿ ನೋಡ್ತಾರೆ. ಕ್ಯಾನ್ಸರ್ ಇದ್ರೆ ಕೆಲವು ಜೀನ್‌ಗಳು ಸಿಕ್ಕಾಪಟ್ಟೆ ಜೋರಾಗಿರ್ತವೆ."

"ಮನುಸ್ಯಂಗೇ ಗೊತ್ತಿಲ್ದಿರೋದು ಅವನ್ ಉಚ್ಚೆಗೆ ಗೊತ್ತಾ?"

"ಹೂಂ ಅಂಕಲ್. ನಮಗೆ ಗೊತ್ತಾಗೋ ಮುಂಚೆನೇ ಅದು ಹೇಳ್ಬಿಡುತ್ತೆ."

ಮುನಿಶಾಮಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಚಿಕ್ಕಂದಿನಿಂದ ಕೆರೆ ಏರಿಯ ಮೇಲೆ, ಹೊಂಗೆ ಮರದ ಬುಡದಲ್ಲಿ, ಕಾಂಪೌಂಡಿನ ಮೂಲೆಯಲ್ಲಿ ಎಷ್ಟು ಚೆಲ್ಲಿದ್ದಾನೋ ಲೆಕ್ಕವಿಲ್ಲ. ಅದರ ಒಂದೊಂದು ಹನಿಯಲ್ಲೂ ಒಳಗಿನ ಸಮಾಚಾರವೆಲ್ಲ ಬರೆದಿಟ್ಟಿತ್ತು ಅಂತ ಯಾವ ಜೋಯಿಸರೂ ಅವನಿಗೆ ಹೇಳಿರಲಿಲ್ಲ. ಮೈ ಜುಮ್ಮೆಂದು ಕೂದಲು ನಿಮಿರಿತು, ದೇವರ ಮುಂದೆ ನಿಂತಾಗಲೂ ಅವನಿಗೆ ಇಷ್ಟು ಭಯಭಕ್ತಿ ಬಂದದ್ದಿಲ್ಲ. ತಾನು ಆಡಿದ ಕಳ್ಳಾಟದಿಂದಲೇ ಬ್ಯಾಟರಾಯಪ್ಪನ ಗುಟ್ಟು ಹೊರಬಿದ್ದಿದೆ. ಈಗ ಮಾನ ಉಳಿಸಿಕೊಳ್ಳೋಣ ಅಂತ ಬಾಯಿ ಮುಚ್ಚಿದರೆ ಅವನನ್ನು ಕೈಯಾರೆ ಕೊಂದ ಹಾಗೆ. ಪಾಪ, ಇಂಥವನು ಇನ್ನೊಬ್ಬರಿಗಾಗಿ ಇಷ್ಟು ಸಂಕಟಪಟ್ಟದ್ದು ಇದೇ ಮೊದಲು.

ಪಟಾಲಮ್ಮನನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದ.

"ಅಂಗಾದ್ರೆ ನಿಮ್ದಲ್ವಾ?" ಅವಳ ಮುಖ ಅರಳಿತು. "ಮತ್ತೆ ಯಾರ್ದು?"

"ಬ್ಯಾಟಂದು."

ಗಂಡನಿಗಾಗಿ ಅಲ್ಲಿಯವರೆಗೆ ಹದವಾಗಿ ಅಳುತ್ತಿದ್ದ ಪಟಾಲಮ್ಮ, ಈಗ ತಮ್ಮನ ಹೆಸರೆತ್ತಿ ಸೂರು ಹಾರಿಹೋಗುವಂತೆ ಬಾಯಿ ಮಾಡಿದಳು. ಹಜಾರದಲ್ಲಿ ಕೂತಿದ್ದ ನಾರಾಯಣಮ್ಮ, ಮುನಿಶಾಮಪ್ಪನ ಕತೆ ಮುಗಿಯಿತೆಂದೇ ತಿಳಿದು, ತಂಬಿಗೆ ಹಿಡಿದು ನುಗ್ಗಿ ಬಂದು, ನಿಂತಿದ್ದವನ ಗದ್ದ ಹಿಡಿದು ಬಾಯಿಗೆ ನೀರು ಬಿಟ್ಟಳು. ಅವನು ಕೆಮ್ಮುತ್ತ, ಒದ್ದೆ ಅಂಗಿಯಲ್ಲೇ ಹೆಂಡತಿಯ ಜೊತೆ ಆಟೋ ಹತ್ತಿದ. ಏರ್‌ಪೋರ್ಟ್ ರಸ್ತೆಯುದ್ದಕ್ಕೂ ಪಟಾಲಮ್ಮ ಒಂದು ಗಳಿಗೆ ಗಂಡನನ್ನು ಬೈದಳು, ಇನ್ನೊಂದು ಗಳಿಗೆ ತಮ್ಮನಿಗಾಗಿ ಅತ್ತಳು.

ಚಿಕ್ಕಜಾಲದಲ್ಲಿ ಬ್ಯಾಟರಾಯಪ್ಪ ಆಗಷ್ಟೇ ಮುದ್ದೆ ಉಂಡು ಕೈ ತೊಳೆಯುತ್ತಿದ್ದ. ಪಟಾಲಮ್ಮ ಓಡಿಹೋಗಿ ತಮ್ಮನ ತೋಳು ಹಿಡಿದುಕೊಂಡಳು. ಮುನಿಶಾಮಪ್ಪ ದೊಡ್ಡವನಲ್ಲವೇ, ತಾನೇ ಶುರುಮಾಡಿದ.

"ಬ್ಯಾಟ, ಆ ಡಬ್ಬೀಲಿ ಕಾಯಿಲೆ ಐತೆ ಅಂತ ಬಂದೈತೆ ಕಣೋ. ಎದುರ್ಕೋಬೇಡ. ಬಿರ್ನೆ ಗೊತ್ತಾಗಿರೋದ್ರಿಂದ ವಾಸಿ ಆಯ್ತದೆ ಅಂತ ಡಾಕ್ಟ್ರೇ ಯೋಳವ್ರೆ. ಸೂಜಿ ಏನ್ ಮಹಾ, ಇರುವೆ ಕಚ್ದಂಗೆ. ಕಣ್ ಮುಚ್ಕೊಂಡು ಮಲಿಕ್ಕೊ. ನಾನು ಬಾಗ್ಲಲ್ಲೇ ಕುಂತಿರ್ತೀನಿ."

ಬ್ಯಾಟರಾಯಪ್ಪ ಹೆದರಲಿಲ್ಲ. ಭಾವನಿಗೆ ಜಗುಲಿ ತೋರಿಸಿದ. ಅವನ ಕಣ್ಣು ತುಂಬಿ ಬಂತು.

"ಭಾವ, ನೀನು ಮೊದ್ಲು ಕುಂತ್ಕೊ."

"ನನ್ ಇಚಾರ ಬಿಡಪ್ಪ."

"ಅವತ್ತು ಚೆಲ್ಲಾನ ಅಂತ್ಲೇ ಮುಚ್ಚಳ ಬಿಚ್ಚಿದ್ದೆ. ಅಕ್ಕ ನೆಪ್ಪಾದ್ಲು. ಕೈ ಬರ್ಲಿಲ್ಲ ಭಾವ. ಸುಮ್ನೆ ನೀರು ಬಿಟ್ಟು, ಅಂಗೇ ಮುಚ್ಕೊಂಡು ಬಂದ್ಬುಟ್ಟೆ. ಡಬ್ಬೀಲಿದ್ದಿದ್ದು ನಿಂದೇ."

ಪಟಾಲಮ್ಮ ತಮ್ಮನ ತೋಳು ಬಿಟ್ಟು ಬಂದು ಗಂಡನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಈ ಸಲ ಅವಳು ಅಳಲಿಲ್ಲ. "ನಾಳೆ ನಾನೂ ಒಳೀಕೇ ಬತ್ತೀನಿ. ಯಾರ್ ಬ್ಯಾಡ ಅಂತಾರೋ ನೋಡ್ತೀನಿ" ಅಂದಳು.

ಮುನಿಶಾಮಪ್ಪ ಮೆಲ್ಲಗೆ ಜಗುಲಿಯ ಮೇಲೆ ಕೂತ. ಇದ್ದಬದ್ದ ಧೈರ್ಯವನ್ನೆಲ್ಲ ಭಾಮೈದನಿಗೆ ಧಾರಾಳವಾಗಿ ಹಂಚಿಬಿಟ್ಟಿದ್ದ, ತನಗೆ ಅಂತ ಒಂದು ಚೂರೂ ಉಳಿದಿರಲಿಲ್ಲ. ಭಾಮೈದನ ಕಡೆ ತಲೆಯೆತ್ತಿ, ಸಣ್ಣ ದನಿಯಲ್ಲಿ ಕೇಳಿದ:

"ಬ್ಯಾಟ, ಇರುವೆ ಕಚ್ದಂಗೇ ಅಲ್ವೇನೋ?"