ನಾನು ಹಾರ್ಮೋನಿಯಂ ಬಾರಿಸಿದ ಕ್ರಿಸ್ಮಸ್

ಲೋಕದಲ್ಲಿ ಲಾಭಕ್ಕಾಗಿ ಸುಳ್ಳು ಹೇಳುವವರಿದ್ದಾರೆ, ಹೆದರಿಕೆಯಿಂದ ಹೇಳುವವರಿದ್ದಾರೆ. ನಾನು ಈ ಎರಡು ಗುಂಪಿಗೂ ಸೇರಿದವನಲ್ಲ. ನನ್ನದು ದಾಕ್ಷಿಣ್ಯದ ಸುಳ್ಳು. ಎದುರಿಗೆ ಕುಳಿತವರು ಆಸೆಯಿಂದ ನನ್ನ ಮುಖ ನೋಡುತ್ತ "ನಿಮಗೆ ಇದು ಬರುತ್ತದೆಯೇ?" ಎಂದು ಕೇಳಿಬಿಟ್ಟರೆ, ಇಲ್ಲವೆಂದು ಹೇಳಿ ಅವರ ಮುಖ ಬಾಡಿಸಲು ನನಗೆ ಮನಸ್ಸೇ ಬರುವುದಿಲ್ಲ. ತಲೆ ಯೋಚಿಸುವುದಕ್ಕೆ ಮೊದಲೇ ನಾಲಗೆ "ಓಹೋ, ಸ್ವಲ್ಪ ಸ್ವಲ್ಪ" ಎಂದುಬಿಟ್ಟಿರುತ್ತದೆ. ಹೀಗಾಗಿಯೇ ನನಗೆ ಚೆನ್ನಾಗಿ ಈಜು ಬರುತ್ತದೆಂದು ನಂಜನಗೂಡಿನಲ್ಲಿ ಹಲವರು ನಂಬಿದ್ದರು. ಕಪಿಲಾ ನದಿ ಕಣ್ಣಿಗೆ ಕಾಣುವಂತೆ ಮನೆ ಮಾಡಿಕೊಂಡು, ಬೇಸಗೆಯಲ್ಲಿ ನೆಗಡಿ, ಚಳಿಗಾಲದಲ್ಲಿ ಬೆನ್ನುನೋವು ಎಂದು ಹೇಳಿಕೊಂಡು, ಒಂದು ಸಲವೂ ಸೊಂಟಕ್ಕಿಂತ ಆಳಕ್ಕೆ ಇಳಿಯದೆ ವರ್ಷಗಳನ್ನು ಕಳೆದವನ ಪಾಡು ದೇವರಿಗೇ ಗೊತ್ತು. ಆದರೆ ಇಂಥ ಸುಳ್ಳುಗಳಲ್ಲೆಲ್ಲ ನನ್ನನ್ನು ನಿಜವಾಗಿಯೂ ಮುಳುಗಿಸಿದ್ದು ಹಾರ್ಮೋನಿಯಂ.

ಆಗ ನಾನು ನಂಜನಗೂಡಿನ ಒಂದು ಸಣ್ಣ ಕ್ರೈಸ್ತ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಹೆಣ್ಣು ನೋಡಲೆಂದು ತಿರುಮಕೂಡಲು ನರಸೀಪುರಕ್ಕೆ ಹೋಗಿದ್ದೆ. ಹುಡುಗಿಯ ತಂದೆ ಸತ್ಯದಾಸಪ್ಪನವರು ಅಲ್ಲಿನ ಪ್ರಾರ್ಥನಾ ಮಂದಿರದ ಉಪದೇಶಿಗಳು. ಪಾದ್ರಿಗಳು ಮೈಸೂರಿನಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಆರಾಧನೆ, ಉಪದೇಶ, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ, ಎಲ್ಲವೂ ಅವರದೇ. ಎತ್ತರದ ಆಳು, ಬಿಳಿಯ ಗಡ್ಡ, ಕನ್ನಡಕದ ಮೇಲಿಂದ ನೋಡುವ ನೋಟ. ಅವರು ನನ್ನ ಸಂಬಳ ಕೇಳಲಿಲ್ಲ, ಆಸ್ತಿ ಕೇಳಲಿಲ್ಲ. "ನಮ್ಮ ಸಭೆಗೆ ಸಂಗೀತದ್ದೇ ಒಂದು ಕೊರತೆ. ನಿಮಗೆ ವಾದ್ಯವೇನಾದರೂ ಬರುತ್ತದೆಯೇ? ಹಾರ್ಮೋನಿಯಂ?" ಎಂದು ಕೇಳಿದರು. ಆ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ, ಕಲ್ಲೂ ಕರಗಬೇಕು. ಬಾಗಿಲ ಮರೆಯಲ್ಲಿ ಹಸಿರು ಸೀರೆಯ ಅಂಚು ಬೇರೆ ಕಾಣಿಸುತ್ತಿತ್ತು. "ಓಹೋ, ಸ್ವಲ್ಪ ಸ್ವಲ್ಪ" ಎಂದೆ. ಇಡೀ ನರಸೀಪುರದಲ್ಲಿ ಆಗ ಒಂದೇ ಒಂದು ಹಾರ್ಮೋನಿಯಂ ಕೂಡ ಇರಲಿಲ್ಲ. ಆದ್ದರಿಂದ ಈ ಮಾತಿನಿಂದ ಯಾರಿಗೂ ಅಪಾಯವಿಲ್ಲವೆಂದು ನಾನು ಭಾವಿಸಿದೆ. ಮದುವೆಯಾಯಿತು. ಸುಗುಣ ನನ್ನ ಹೆಂಡತಿಯಾಗಿ ನಂಜನಗೂಡಿಗೆ ಬಂದಳು. ಎರಡು ವರ್ಷ ಸುಖವಾಗಿ ಕಳೆಯಿತು. ಆಗಾಗ ಅವಳು "ಒಂದು ಹಾರ್ಮೋನಿಯಂ ಪೆಟ್ಟಿಗೆ ಇದ್ದಿದ್ದರೆ ನಿಮ್ಮ ವಾದ್ಯ ಕೇಳಬಹುದಿತ್ತು" ಎನ್ನುತ್ತಿದ್ದಳು. ನಾನು ನಿಟ್ಟುಸಿರುಬಿಟ್ಟು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದೆ.

ಮೂರನೆಯ ವರ್ಷ ಡಿಸೆಂಬರ್ ತಿಂಗಳ ಎರಡನೆಯ ವಾರದಲ್ಲಿ ಮಾವನವರ ಕಾಗದ ಬಂತು. ತಮ್ಮ ಸೀಮೆಯಾದ ಇಂಗ್ಲೆಂಡಿಗೆ ಹೊರಟುನಿಂತ ಒಬ್ಬರು ದೊರೆಸಾನಿಯವರು ತಮ್ಮ ಹಾರ್ಮೋನಿಯಂ ಅನ್ನು ನರಸೀಪುರದ ಸಭೆಗೆ ಕೊಟ್ಟು ಹೋಗಿದ್ದಾರಂತೆ. ಕ್ರಿಸ್ಮಸ್ ಬೆಳಗಿನ ಆರಾಧನೆಯಲ್ಲಿ ಅಳಿಯಂದಿರು ಬಾರಿಸುತ್ತಾರೆಂದು ಸಭೆಯಲ್ಲಿ ಸಾರಿದ್ದಾರಂತೆ. ಸುದ್ದಿ ಕೇಳಿ ತಾಲ್ಲೂಕಿನ ಅಮಲ್ದಾರರೂ ಬರಲು ಒಪ್ಪಿದ್ದಾರಂತೆ. ಕಾಗದವನ್ನು ಗಟ್ಟಿಯಾಗಿ ಓದಿದವಳು ಸುಗುಣ. ಓದಿ ಮುಗಿಸಿ ಕುಣಿದಳು. ಅಂದೇ ತನ್ನ ಗೆಳತಿಯರಿಗೆಲ್ಲ ಕಾಗದ ಬರೆದಳು. ನಾನು ಗೋಡೆಗೆ ಒರಗಿ ಕುಳಿತು, ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಬೆರಳು ಮಡಿಸಿದೆ. ನನ್ನ ಬೆರಳುಗಳಿಗೆ ಬರುತ್ತಿದ್ದ ಕೆಲಸ ಅದೊಂದೇ.

ದೇವರು ಕೈಬಿಡಲಿಲ್ಲ. ಆ ವಾರವೇ ಒಂದು ನಾಟಕದ ಕಂಪನಿ ಬಂದು ಊರ ಹೊರಗೆ ತಗಡಿನ ಡೇರೆ ಹಾಕಿತು. ಅವರ ಹಾರ್ಮೋನಿಯಂ ಮೇಷ್ಟ್ರು ಪುಟ್ಟಬಸಪ್ಪ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ, ಮನಸ್ಸು ತುಂಬ ಕರುಣೆ. ಶಾಲೆ ಬಿಟ್ಟ ಕೂಡಲೇ ಹೋಗಿ ಅವರ ಕಾಲ ಬಳಿ ಕುಳಿತು ನನ್ನ ಕಥೆಯನ್ನೆಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಎದೆಗುಂದಬೇಡಿ ಸ್ವಾಮಿ, ಒಂದು ಪದ ತಾನೇ? ಯಾವುದು ಹೇಳಿ" ಎಂದರು. ಬೆತ್ಲೆಹೇಮಿನ ಕೀರ್ತನೆಯನ್ನು ಹಾಡಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಪೆಟ್ಟಿಗೆಯ ಮೇಲೆ ತಡಕಾಡಿ, "ಈ ಸೀಮೆ ಧಾಟಿ ಹತ್ತು ದಿನಕ್ಕೆ ನಿಮ್ಮ ಕೈಗೆ ಕೂರೋದಿಲ್ಲ ಕಣ್ರೀ. ಸಾಹಿತ್ಯ ನಿಮ್ಮದೇ ಇರಲಿ, ಧಾಟಿ ನಮ್ಮದು ಹಾಕೋಣ" ಎಂದರು. ಅವರು ಹಾಕಿದ ಧಾಟಿ ಎಷ್ಟು ಚೆನ್ನಾಗಿ ಹೊಂದಿತೆಂದರೆ, ಕೀರ್ತನೆಯೇ ಅದಕ್ಕಾಗಿ ಹುಟ್ಟಿದಂತಿತ್ತು. ನಾನು ನಾಟಕ ನೋಡುವವನಲ್ಲ, ಆದ್ದರಿಂದ ಆ ಧಾಟಿ ಎಲ್ಲಿಯದೆಂದು ಕೇಳಲೂ ಇಲ್ಲ.

ಪೆಟ್ಟಿಗೆಯ ಬಿಳಿ ಮನೆ, ಕಪ್ಪು ಮನೆಗಳ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಗುರುತು ಮಾಡಿಕೊಂಡು, ಲೆಕ್ಕದ ಮೇಷ್ಟ್ರು ಕಲಿಯಬಹುದಾದ ರೀತಿಯಲ್ಲೇ ಕಲಿತೆ. ಆರನೆಯ ದಿನ ನನ್ನ ಬೆರಳಿನಿಂದ ಒಂದು ಸಾಲು ತಪ್ಪಿಲ್ಲದೆ ಹೊರಟಾಗ ನನಗಾದ ಸಂತೋಷವನ್ನು ಹೇಳಲಾರೆ. ಮನೆಗೆ ಓಡುತ್ತಲೇ ಹೋದೆ. ಮನೆಯಲ್ಲಿ ಸುಗುಣ ತವರಿಗೆಂದು ಕರ್ಜಿಕಾಯಿ ಕರಿಯುತ್ತಿದ್ದಳು. ಎರಡು ಕರ್ಜಿಕಾಯಿ ಒಟ್ಟಿಗೆ ಬಾಯಿಗೆ ಹಾಕಿಕೊಂಡು, "ಈ ಸಲದ ಕ್ರಿಸ್ಮಸ್ ನೋಡು!" ಎಂದೆ. ಆ ಹೊತ್ತಿಗೆ ನಾನು ಸುಳ್ಳುಗಾರನೆಂಬುದು ನನಗೇ ಮರೆತುಹೋಗಿತ್ತು.

ಹಬ್ಬದ ಹಿಂದಿನ ದಿನ ಬೆಳಗಾಗುತ್ತಲೇ ಎತ್ತಿನ ಗಾಡಿಯಲ್ಲಿ ಹೊರಟೆವು. ಗಾಡಿ ಹೊಡೆಯುವವನು ಸಿದ್ದಯ್ಯ, ದೇವನೂರಿನ ಕಡೆಯವನು, ನಡುವಯಸ್ಸಿನ ಒಳ್ಳೆಯ ಮನುಷ್ಯ. ಹದಿನಾರು ಎಂಬ ಹಳ್ಳಿಯ ಬಳಿ ಎತ್ತುಗಳಿಗೆ ನೀರು ಕುಡಿಸಿ ಮುಂದೆ ಹೊರಟಾಗ ಬಿಸಿಲು ಹಿತವಾಗಿತ್ತು. ಹುರುಪಿನಲ್ಲಿ ನಾನು ತಿಂಡಿಯ ಡಬ್ಬದ ಮುಚ್ಚಳದ ಮೇಲೆ ಬೆರಳಾಡಿಸುತ್ತ ಧಾಟಿಯನ್ನು ಗುನುಗಿದೆ. ಮುಂದಿನಿಂದ ಸಿದ್ದಯ್ಯನೂ ದನಿ ಸೇರಿಸಿದ. ಎರಡು ಸಾಲು ಮುಗಿಸಿ ಹಿಂದಕ್ಕೆ ತಿರುಗಿ, "ಸಾ, ಇದು ನಾಟ್ಕದ್ ಪದ ಅಲ್ವರಾ? ನಾಯ್ಕಿ ಬುಟ್ಟಿ ಇಡ್ಕಂಡು ಊ ಕೀಳಕ್ ಬತ್ತಾಳಲ್ಲ, ಆ ಪದ ಕಣ್ ಸಾ! ಮೂರ್ ದಪ ನೋಡಿವ್ನಿ" ಎಂದ.

ನನ್ನ ಬೆರಳು ಮುಚ್ಚಳದ ಮೇಲೆ ಅಲ್ಲೇ ನಿಂತಿತು. ಸುಗುಣ ನನ್ನ ಕಡೆ ತಿರುಗಿದಳು. "ನಾಟಕದ ಪದ ನಿಮಗೆ ಹೇಗೆ ಬಂತು?" ಎಂದಳು. ಗಾಡಿಯಲ್ಲಿ ಎದ್ದು ಹೋಗಲು ಜಾಗವೆಲ್ಲಿ? ಹೆಣ್ಣು ನೋಡಿದ ದಿನದಿಂದ ಹಿಡಿದು ಪುಟ್ಟಬಸಪ್ಪನವರ ಸೀಮೆಸುಣ್ಣದವರೆಗೆ ಎಲ್ಲವನ್ನೂ ಹೇಳಿದೆ. ಅವಳು ಸೆರಗು ಹೊದ್ದು ಹೊಲದ ಕಡೆ ನೋಡುತ್ತ ಕುಳಿತಳು.

"ಒಂದು ಕೀರ್ತನೆಯಂತೂ ಬರುತ್ತೆ ಸುಗುಣ" ಎಂದೆ ಮೆಲ್ಲಗೆ.

"ಕೀರ್ತನೆ ಎಲ್ಲಿ ಬರುತ್ತೆ? ಹೂ ಕೀಳೋದು ಬರುತ್ತೆ!" ಎಂದಳು. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಆ ಮಾತಿಗೆ ಅವಳಿಗೇ ನಗು ಬಂತು. ನಗು ತಡೆಯಲು ಹೋಗಿ ಇನ್ನೂ ಸಿಟ್ಟಾದಳು. "ನಮ್ಮಪ್ಪ ಎಷ್ಟು ಆಸೆ ಇಟ್ಟುಕೊಂಡಿದ್ದಾರೆ ಗೊತ್ತೇನ್ರೀ? ಅವರಿಗೆ ಹೇಳಲೇಬೇಕು. ನಾನು ಹೇಳೋದಿಲ್ಲ, ನೀವೇ ಹೇಳಬೇಕು" ಎಂದಳು. ಹೇಳುತ್ತೇನೆಂದು ಮಾತು ಕೊಟ್ಟೆ.

ಮಾವನ ಮನೆ ಮುಟ್ಟಿದರೆ ಅಲ್ಲಿ ಹಬ್ಬ ಆಗಲೇ ಹೊಸಿಲು ದಾಟಿ ಬೀದಿಗೆ ಬಂದಿತ್ತು. ಮಂದಿರಕ್ಕೆ ಸುಣ್ಣ ಬಳಿದಿದ್ದರು. ಬಾಗಿಲಿಗೆ ಬಾಳೆಕಂದು, ಒಳಗೆಲ್ಲ ಬಣ್ಣದ ಕಾಗದದ ಸರ, ಮಾಡಿಗೆ ಬಿದಿರ ಕಡ್ಡಿಯ ದೊಡ್ಡ ನಕ್ಷತ್ರ. ಅತ್ತೆ ಮಾರ್ಥಮ್ಮನವರು ಹಿಟ್ಟಿನ ಕೈಯಲ್ಲೇ ಬಂದು ಮಗಳನ್ನು ತಬ್ಬಿಕೊಂಡರು. ಮಾವನವರು ನನಗೆ ಕಾಲು ತೊಳೆಯಲೂ ಬಿಡದೆ ಕೈಹಿಡಿದು ಮಂದಿರದೊಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅತ್ತೆಯವರ ಮದುವೆಯ ಸೀರೆಯನ್ನು ಹೊದಿಸಿಕೊಂಡು ಹಾರ್ಮೋನಿಯಂ ಕುಳಿತಿತ್ತು. ಮಾವನವರು ಸೀರೆ ಸರಿಸಿ, ಒಂದೇ ಒಂದು ಮನೆಯನ್ನು ಬೆರಳ ತುದಿಯಿಂದ ಮುಟ್ಟಿ, ಬಿಸಿ ತಗುಲಿದವರಂತೆ ಕೈ ಎಳೆದುಕೊಂಡರು. "ಮೂವತ್ತು ವರ್ಷದಿಂದ ಬೇಡಿಕೊಳ್ಳುತ್ತಿದ್ದೆ" ಎಂದರು.

"ಮಾವ, ನಿಮಗೆ ಒಂದು ಮಾತು ಹೇಳಬೇಕು" ಎಂದೆ.

"ಮಾತು ಯಾಕೆ ಅಳಿಯಂದಿರೇ, ನಾಳೆ ಬೆರಳೇ ಮಾತಾಡಲಿ!" ಎಂದು ನನ್ನ ಬೆನ್ನು ತಟ್ಟಿದರು. ಊಟಕ್ಕೆ ಕುಳಿತಾಗ ಮತ್ತೆ ಬಾಯಿ ತೆರೆದೆ. ಬಾಯಿಗೆ ಕಜ್ಜಾಯ ಬಂತು. ಸಂಜೆ ಮತ್ತೊಮ್ಮೆ ಪ್ರಯತ್ನಿಸಿದೆ. ಅವರು ಸಭೆಯ ಹಿರಿಯರನ್ನು ಕರೆದು, "ಇವರೇ ನಮ್ಮ ಅಳಿಯಂದಿರು" ಎಂದು ನನ್ನ ಬೆರಳುಗಳನ್ನು ತೋರಿಸತೊಡಗಿದರು. ಸುಗುಣ ದೂರದಿಂದ ನೋಡಿ ತಲೆ ಅಲ್ಲಾಡಿಸಿದಳು.

ಕ್ರಿಸ್ಮಸ್ ಬೆಳಿಗ್ಗೆ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತ ಹೆಂಗಸರು, ಇತ್ತ ಗಂಡಸರು, ಕಿಟಕಿಗಳ ಹೊರಗೆ ಊರಿನ ಒಕ್ಕಲು ಮಕ್ಕಳು, ಅಂಗಡಿಯವರು. ಮುಂದಿನ ಕುರ್ಚಿಯಲ್ಲಿ ಜರಿ ಪೇಟದ ಅಮಲ್ದಾರರು. ಮಾವನವರು ಪ್ರಾರ್ಥನೆ ಮುಗಿಸಿ ನನ್ನತ್ತ ನೋಡಿದರು. ನಾನು ಮನಸ್ಸಿನಲ್ಲೇ ದೇವರ ಕ್ಷಮೆ ಬೇಡಿ, ತಿದಿ ಒತ್ತಿ, ಮೊದಲ ಮನೆಯ ಮೇಲೆ ಬೆರಳಿಟ್ಟೆ.

ಸಭೆಯವರು ಬಾಯಿ ತೆರೆದರು; ತೆರೆದ ಬಾಯಿ ಹಾಗೇ ನಿಂತಿತು. ಇದು ಅವರಿಗೆ ಗೊತ್ತಿದ್ದ ಧಾಟಿಯಲ್ಲ. ಸುಗುಣ ಒಬ್ಬಳೇ ಎದ್ದುನಿಂತು, ಗಾಡಿಯಲ್ಲಿ ಕೇಳಿದ ನೆನಪಿನಲ್ಲಿ, ಮೊದಲ ಸಾಲನ್ನು ನನ್ನ ಜೊತೆ ಹಾಡಿದಳು. ಎರಡನೆಯ ಸಾಲಿಗೆ ಹೆಂಗಸರು ಸೇರಿದರು, ಎರಡನೆಯ ಚರಣಕ್ಕೆ ಗಂಡಸರು. ಮೂರನೆಯದಕ್ಕೆ ಮಂದಿರವೇ ತೂಗುತ್ತಿತ್ತು! ವರ್ಷವೆಲ್ಲ ತೂಕಡಿಸುತ್ತ ಹಾಡಿದವರು ಚಪ್ಪಾಳೆ ತಟ್ಟುತ್ತಿದ್ದರು. ಕಿಟಕಿಯ ಆಚೆ ಯಾರೋ, "ಲೇ, ಊ ಕೀಳೋ ಪದ ಕಣ್ಲಾ, ಓಡ್ ಬಾ!" ಎಂದು ಕೂಗಿದರು. ಇನ್ನಷ್ಟು ಜನ ಓಡಿಬಂದರು. ಅಮಲ್ದಾರರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನನ್ನ ಮೈಯೆಲ್ಲ ರೋಮಾಂಚನ. ರಕ್ಷಕನು ಹುಟ್ಟಿದ ಸುದ್ದಿಯನ್ನು ಕೇಳಿದವರು ಹೀಗಲ್ಲದೆ ಇನ್ನು ಹೇಗೆ ಹಾಡಬೇಕು ಎನ್ನಿಸಿತು.

ಐದು ಚರಣವೂ ಮುಗಿಯಿತು. ಆಗ ಒಂದು ಭಯಂಕರ ಸತ್ಯ ನನಗೆ ಹೊಳೆಯಿತು. ನಿಲ್ಲಿಸುವುದು ಹೇಗೆಂದು ಪುಟ್ಟಬಸಪ್ಪನವರು ಹೇಳಿಕೊಟ್ಟಿರಲಿಲ್ಲ. ನಾಟಕದಲ್ಲಿ ನಾಯಕಿಯ ಬುಟ್ಟಿ ತುಂಬುವವರೆಗೆ ಆ ಧಾಟಿ ಸುತ್ತಿ ಸುತ್ತಿ ಬರುತ್ತಲೇ ಇರುತ್ತದಂತೆ. ಕೊನೆಯ ಮನೆಯಿಂದ ಬೆರಳು ತಾನಾಗಿಯೇ ಮೊದಲ ಮನೆಗೆ ಹೋಯಿತು. ಸಭೆಯವರು ಸಂತೋಷದಿಂದ ಮತ್ತೆ ಒಂದನೆಯ ಚರಣ ಎತ್ತಿಕೊಂಡರು. ಐದು ಮುಗಿದವು, ಮತ್ತೆ ಒಂದು. ಮಾವನವರು ಉಪದೇಶಕ್ಕೆಂದು ಸತ್ಯವೇದವನ್ನು ತೆರೆದರು, ಮುಚ್ಚಿದರು, ತೆರೆದರು. ನನ್ನ ಬೆವರು ಮನೆಗಳ ಮೇಲೆ ತೊಟ್ಟಿಕ್ಕಿತು. ಮೂರನೆಯ ಸುತ್ತಿನಲ್ಲಿ ಸುಗುಣ ನೆಟ್ಟಗೆ ನಡೆದು ಬಂದು ತಿದಿಯ ಮೇಲೆ ಕೈಯೂರಿ ಅದುಮಿ ಹಿಡಿದಳು. ಹಾರ್ಮೋನಿಯಂ ಕರು ಕೂಗಿದಂತೆ ಒಮ್ಮೆ ಕೂಗಿ ಸುಮ್ಮನಾಯಿತು.

ಆ ನಿಶ್ಶಬ್ದದಲ್ಲಿ ಅಮಲ್ದಾರರು ಕಣ್ಣು ಮುಚ್ಚಿಕೊಂಡೇ, ನಾಟಕದ ಡೇರೆಯ ಅಭ್ಯಾಸಬಲದಿಂದ, "ಒನ್ಸ್ ಮೋರ್!" ಎಂದು ಕೂಗಿದರು.

ಕೂಗಿದ ಮೇಲೆ ಕಣ್ಣು ತೆರೆದು, ತಾವು ಎಲ್ಲಿದ್ದೇವೆಂದು ನೋಡಿ, ಪೇಟ ಸರಿಮಾಡಿಕೊಂಡರು. ಒಬ್ಬರೂ ನಗಲಿಲ್ಲ. ಎಲ್ಲರೂ ಮಾವನವರನ್ನು ನೋಡುತ್ತಿದ್ದರು, ಮಾವನವರು ನನ್ನನ್ನು. ನಾನು ಎದ್ದುನಿಂತೆ. "ನನಗೆ ಹಾರ್ಮೋನಿಯಂ ಬರುವುದಿಲ್ಲ. ಹೆಣ್ಣು ನೋಡಲು ಬಂದಾಗ ಮಾವನವರಿಗೆ ಸುಳ್ಳು ಹೇಳಿದೆ. ಈಗ ಬಾರಿಸಿದ್ದು ನಾಟಕದ ಧಾಟಿ, ಹತ್ತು ದಿನದಲ್ಲಿ ಕಲಿತದ್ದು. ನನಗೆ ಗೊತ್ತಿರುವುದು ಇದೊಂದೇ" ಎಂದೆ. ಜೀವನದಲ್ಲಿ ದಾಕ್ಷಿಣ್ಯವಿಲ್ಲದೆ ನಾನು ಆಡಿದ ಮೊದಲ ಮಾತುಗಳು ಅವು.

ಮಾವನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆ ಕನ್ನಡಕ ಒರೆಸುವಷ್ಟು ಹೊತ್ತಿನಲ್ಲಿ ನಾನು ಎರಡು ಸಲ ಸತ್ತು ಹುಟ್ಟಿದೆ. ಆಮೇಲೆ ಅವರು ಸಭೆಯ ಕಡೆ ತಿರುಗಿ, "ರಕ್ಷಕನು ಹುಟ್ಟಿದ ರಾತ್ರಿ ದೇವದೂತರು ಬಂದದ್ದು ಕುರುಬರ ಬಳಿಗೆ. ನಿಮಗೆ ರಾಗ ಬರುತ್ತದೆಯೇ, ತಾಳ ಬರುತ್ತದೆಯೇ ಎಂದು ಅವರನ್ನು ಯಾರೂ ಕೇಳಲಿಲ್ಲ. ನಾನು ಕೇಳಿದೆ. ಮಗಳನ್ನು ಕೊಡುವಾಗ, ಹುಡುಗನಿಗೆ ಪ್ರಾರ್ಥನೆ ಬರುತ್ತದೆಯೇ ಎಂದು ಕೇಳಬೇಕಾದವನು ಹಾರ್ಮೋನಿಯಂ ಬರುತ್ತದೆಯೇ ಎಂದು ಕೇಳಿದೆ. ಅಳಿಯಂದಿರದು ತಪ್ಪು ಹೌದು. ನನ್ನದೂ ತಪ್ಪು. ಹಬ್ಬದ ದಿನ ದೇವರು ಇಬ್ಬರನ್ನೂ ಕ್ಷಮಿಸಲಿ" ಎಂದರು. ಗಂಟಲು ಸರಿಮಾಡಿಕೊಂಡು, "ಈಗ ಎಲ್ಲರೂ ಎದ್ದುನಿಂತು ಇದೇ ಕೀರ್ತನೆಯನ್ನು ಇನ್ನೊಂದು ಸಲ ಹಾಡೋಣ. ಅಮಲ್ದಾರರು ಬೇರೆ ಕೇಳಿದ್ದಾರೆ. ಸುಗುಣ, ನೀನು ಅಲ್ಲೇ ನಿಂತಿರಮ್ಮ, ನಿಲ್ಲಿಸೋದಕ್ಕೆ ಬೇಕಾಗುತ್ತೆ" ಎಂದರು. ಆಗ ಎದ್ದ ನಗು ಹೊಳೆಯ ಆಚೆಗೂ ಕೇಳಿಸಿರಬೇಕು.

ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅತ್ತೆಯವರು ನನ್ನ ಕಿವಿಯ ಬಳಿ ಬಗ್ಗಿ, "ನಮ್ಮ ಹುಡುಗಿಗೆ ಹೊಲಿಗೆ ಬರುತ್ತೆ ಅಂತ ನಾನೂ ಹೇಳಿದ್ದೆ. ಅವತ್ತು ತೋರಿಸಿದ ಕಸೂತಿ ಅವಳದಲ್ಲ. ಸಮ ಆಯ್ತು, ಊಟ ಮಾಡಿ" ಎಂದು ಇನ್ನೊಂದು ಸೌಟು ಸಾರು ಹಾಕಿದರು.

ರಜೆಯ ಉಳಿದ ದಿನಗಳಲ್ಲಿ ಸುಗುಣ ಆ ಪೆಟ್ಟಿಗೆಯ ಮುಂದಿನಿಂದ ಏಳಲೇ ಇಲ್ಲ. ಅವಳ ಬೆರಳಿಗೆ ಸೀಮೆಸುಣ್ಣದ ಗುರುತು ಬೇಕಾಗಲಿಲ್ಲ. ತವರಿಗೆ ಬಂದಾಗಲೆಲ್ಲ ಕಲಿತು, ಮುಂದಿನ ಕ್ರಿಸ್ಮಸ್ಸಿಗೆ ಎಂಟು ಕೀರ್ತನೆಗಳನ್ನು ಶುದ್ಧವಾದ ಧಾಟಿಯಲ್ಲಿ ಬಾರಿಸಿದಳು, ಎಲ್ಲವನ್ನೂ ಸರಿಯಾದ ಜಾಗದಲ್ಲಿ ನಿಲ್ಲಿಸಿದಳು. ಅಂದಿನಿಂದ ಪ್ರತಿ ವರ್ಷವೂ ಅವಳೇ ಬಾರಿಸುತ್ತಾಳೆ, ನಾನು ಗಂಡಸರ ಸಾಲಿನಲ್ಲಿ ನಿಂತು ಹಾಡುತ್ತೇನೆ. ಒಂದು ವಿಷಯವನ್ನು ಮಾತ್ರ ಗಮನಿಸಿದ್ದೇನೆ. ನಾನು ದನಿ ಎತ್ತಿದ ಕೂಡಲೇ ಅವಳು ತಿದಿಯನ್ನು ಬಲವಾಗಿ ಒತ್ತುತ್ತಾಳೆ. ಹಾರ್ಮೋನಿಯಂ ಮಂದಿರದ ಮಾಡು ಹಾರಿಹೋಗುವಂತೆ ಮೊಳಗುತ್ತದೆ. ಭಕ್ತಿ ಉಕ್ಕಿದಾಗ ಹಾಗಾಗುತ್ತದೆಂದು ಅವಳು ಹೇಳುತ್ತಾಳೆ. ನಾನು ಹೆಚ್ಚು ವಿಚಾರಿಸಲು ಹೋಗಿಲ್ಲ.