ಹುಲ್ಲಿನ ಮೇಲೆ ಹದಿನಾರು ಕಪ್

ಪರ್ತ್‌ನ ಆ ಬೀದಿಯಲ್ಲಿ ನೆವಿಲ್‌ನ ಮನೆ ಮುಂದಿನ ಹುಲ್ಲುಹಾಸು ಫೋಟೋಗೆ ಕೂತವರ ನಡುವಿನ ಬೋಳುತಲೆಯ ಹಾಗೆ ಎದ್ದು ಕಾಣುತ್ತಿತ್ತು. ಮರಳುನೆಲ; ಎಷ್ಟು ನೀರು ಕೊಟ್ಟರೂ ಗುಳುಂ. ನೆಲದೊಳಗೆ ಪೈಪು ಹೂತು ಸ್ಪ್ರಿಂಕ್ಲರ್ ಕೂರಿಸುವುದೆಂದು ತೀರ್ಮಾನವಾಗಿ ಎರಡು ವರ್ಷವಾಗಿತ್ತು. ನಿಂತಲ್ಲೇ ಚಿಮ್ಮುವುದೋ, ತಿರುಗುತ್ತ ದೂರಕ್ಕೆ ಎರಚುವುದೋ, ಅದಷ್ಟೇ ಬಾಕಿ. ನೆವಿಲ್ ಎರಡರದ್ದೂ ಒಂದೊಂದು ಪೆಟ್ಟಿಗೆ ತಂದಿಟ್ಟುಕೊಂಡು, ಕೂಸಿಗೆ ಹೆಸರು ಹುಡುಕುವವನಂತೆ ಯೋಚಿಸುತ್ತಿದ್ದ.

ಶನಿವಾರ ಬೆಳಿಗ್ಗೆ ಹೆಂಡತಿ ಶೆರಿಲ್ ತಂಗಿಯ ಮನೆಗೆ ಹೊರಟವಳು ಕಾರಿನ ಕಿಟಕಿ ಇಳಿಸಿದಳು. "ಸಂಜೆ ನಾನು ಬರೋಷ್ಟರಲ್ಲಿ ಒಂದನ್ನ ಆರಿಸಿರ್ಬೇಕು. ಇಲ್ದಿದ್ರೆ ಹುಲ್ಲೆಲ್ಲ ಕೀಳಿಸಿ ಕಾಂಕ್ರೀಟ್ ಹಾಕಿಸ್ತೀನಿ."

ಕಾರು ತಿರುವು ದಾಟುವ ಮೊದಲೇ ಬಲಮನೆಯ ಕೆಲ್ ಬೇಲಿ ಮೇಲೆ ಗಲ್ಲ ಊರಿದ್ದ. ನಿವೃತ್ತ ಪ್ಲಂಬರು, ಸಲಹೆಗೆ ಮಾತ್ರ ನಿವೃತ್ತಿ ಇರಲಿಲ್ಲ. ಹುಲ್ಲಿನ ತುಂಬ ಹದಿನಾರು ಕಪ್ಪು ಜೋಡಿಸಿ ನೀರು ಬಿಡಬೇಕಂತೆ. ಯಾವುದರ ನೀರು ಎಲ್ಲ ಕಪ್ಪಿಗೂ ಸಮನಾಗಿ ಬೀಳುತ್ತದೋ ಅದೇ ಸರಿ. "ಆದ್ರೆ ಕಪ್ಪೆಲ್ಲ ಒಂದೇ ಅಳತೇದಿರ್ಬೇಕು ಗುರೂ. ಇಲ್ಲಾಂದ್ರೆ ಲೆಕ್ಕ ಕೆಡುತ್ತೆ."

ನೀರು ಉಳಿಸಲೆಂದು ಆ ಊರಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಸ್ಪ್ರಿಂಕ್ಲರ್ ಹಾಕಿದರೆ ದಂಡ. ಆಗಲೇ ಏಳೂವರೆ. ಒಂದೇ ಅಳತೆಯ ಹದಿನಾರು ಕಪ್ಪು ಇದ್ದದ್ದು ಮನೆಯಲ್ಲಿ ಒಂದೇ ಕಡೆ: ಅಟ್ಟದ ಕಪಾಟಿನಲ್ಲಿ. ನೆವಿಲ್‌ನ ಸೋದರತ್ತೆ ಮದುವೆಗೆ ಕೊಟ್ಟ ಗುಲಾಬಿ ಬಣ್ಣದ ಗಿಳಿಗಳ ಚಿತ್ರವಿದ್ದ ಟೀ ಸೆಟ್ಟು. ಶೆರಿಲ್ ಅದನ್ನು ಇಪ್ಪತ್ತೆರಡು ವರ್ಷದಿಂದ ಪೇಪರಿನಲ್ಲಿ ಸುತ್ತಿ, ಯಾರ ಕೈಗೂ ಸಿಗದಂತೆ ಕಾಪಾಡಿದ್ದಳು. ನೆವಿಲ್ ಒಂದೊಂದನ್ನೂ ಮೊಟ್ಟೆಯಂತೆ ಹಿಡಿದು ತಂದು ನಾಲ್ಕು ಸಾಲಿನಲ್ಲಿ ಇಟ್ಟ. ಆಮೇಲೆ ಪೈಪಿಗೆ ಸ್ಪ್ರಿಂಕ್ಲರ್ ಜೋಡಿಸುವ ತುಂಡು ಕೇಳಲು ಕೆಲ್‌ನ ಶೆಡ್ಡಿಗೆ ಹೋದ. ಕೆಲ್ ಆ ತುಂಡು ಹುಡುಕುವ ನೆಪದಲ್ಲಿ ತನ್ನ ಹಿತ್ತಲಿನ ಹನ್ನೊಂದು ಸ್ಪ್ರಿಂಕ್ಲರುಗಳ ಜಾತಕವನ್ನೆಲ್ಲ ಓದಿದ.

ಮರಳಿ ಬಂದರೆ ಹುಲ್ಲಿನ ಮೇಲೆ ಒಂದು ಕಪ್ಪೂ ಇಲ್ಲ.

ಎಡಮನೆಯ ಗ್ಲೆನಿಸ್ ಅಂದು ಅಂಗಳದಲ್ಲಿ ಹಳೇ ಸಾಮಾನು ಮಾರಾಟಕ್ಕಿಟ್ಟಿದ್ದಳು. ನೆವಿಲ್‌ನನ್ನು ನೋಡಿ ಮುಖ ಅರಳಿಸಿದಳು. "ಅಂತೂ ಮನಸ್ಸು ಮಾಡಿದ್ಯಲ್ಲ ಮಾರಾಯ. ನೀನು ಕಾಣ್ಲಿಲ್ಲ ಅಂತ ನಾನೇ ಮಾರ್ಬಿಟ್ಟೆ. ಹಿಂದಿನ ಬೀದಿ ರಾಸ್ ಅಷ್ಟನ್ನೂ ತಗೊಂಡ."

ಯಾವ ಮನಸ್ಸು ಎಂದು ಕೇಳುವಷ್ಟು ವ್ಯವಧಾನ ನೆವಿಲ್‌ಗೆ ಇರಲಿಲ್ಲ. ಚಪ್ಪಲಿ ಒಂದು ಕಾಲಿನದು ದಾರಿಯಲ್ಲೇ ಉಳಿಯಿತು.

ರಾಸ್‌ನ ಹುಲ್ಲುಹಾಸಿನ ಮೇಲೆ ಹದಿನಾರು ಕಪ್ಪು, ನಾಲ್ಕು ಸಾಲು. ನಡುವೆ ಹಳೆಯ ಸ್ಪ್ರಿಂಕ್ಲರೊಂದು ಕೆಮ್ಮುತ್ತಿತ್ತು. ಅವನೂ ಅದೇ ಪರೀಕ್ಷೆಗೆ ಒಂದೇ ಅಳತೆಯ ಕಪ್ಪು ಹುಡುಕುತ್ತಿದ್ದನಂತೆ. ಕೊಟ್ಟದ್ದರ ಎರಡರಷ್ಟು ಕೊಡುತ್ತೇನೆಂದರೂ ಒಪ್ಪಲಿಲ್ಲ. ನೆವಿಲ್ ಹೆಂಡತಿಯ ಹೆಸರೆತ್ತಿ ಅಳುವುದೊಂದು ಬಾಕಿ. ಕೊನೆಗೆ ರಾಸ್ ಕೇಳಿದ, "ನಿನ್ನತ್ರ ಹೊಸ ಸ್ಪ್ರಿಂಕ್ಲರ್ ಎರಡು ಪೆಟ್ಟಿಗೆ ಇದ್ಯಂತಲ್ಲ?"

ಬೀದಿಗೆಲ್ಲ ಗೊತ್ತಿತ್ತು. ಚಿಮ್ಮುವುದೂ ಹೋಯಿತು, ತಿರುಗುವುದೂ ಹೋಯಿತು. ಕಪ್ಪು ಮಾತ್ರ ಬಂತು, ಒಂದೂ ಮುಕ್ಕಾಗದೆ.

ಸಂಜೆ ಶೆರಿಲ್ ನಗುನಗುತ್ತ ಒಳಗೆ ಬಂದವಳು ಅಡುಗೆಮನೆಯ ಮೇಜಿನ ಮೇಲೆ ತೊಳೆದಿಟ್ಟ ಗಿಳಿಗಳನ್ನು ಕಂಡು ಹಾಗೇ ಕುರ್ಚಿಗೆ ಒರಗಿದಳು.

"ನಿನ್ನ ಒಪ್ಸಿ ಇವನ್ನ ಸಾಗ್ಹಾಕು ಅಂತ ಗ್ಲೆನಿಸ್‌ಗೆ ಹೇಳಿಟ್ಟು ಹೋಗಿದ್ದೆ. ನಾನೇ ಬಾಯ್ಬಿಟ್ಟು ಕೇಳಿದ್ರೆ ಅತ್ತೆ ನೆನಪು ಅಂತ ನೊಂದ್ಕೋತೀಯಲ್ಲ ಅಂತ ದಿನವಿಡೀ ತಂಗಿ ಮನೇಲಿ ಕೂತೆ. ಮಾರಿದ್ದೀನಿ, ನಿನ್ ಗಂಡನೇ ಹೊರಗಿಟ್ಟಿದ್ದ ಅಂತ ಗ್ಲೆನಿಸ್ ಫೋನೂ ಮಾಡಿದ್ಲು."

"ನಿಂಗೆ ಪ್ರಾಣ ಅಂದ್ಕೊಂಡಿದ್ದೆ," ಎಂದ ನೆವಿಲ್.

"ನೋಡಕ್ಕಾಗದೆ ಪೇಪರ್ ಸುತ್ತಿದ್ದು ಕಣೋ." ಶೆರಿಲ್ ಅವನ ಬರಿಗಾಲು ನೋಡಿದಳು. "ಹೋಗ್ಲಿ, ಸ್ಪ್ರಿಂಕ್ಲರ್ ಯಾವುದು ಆರಿಸ್ದೆ?"

ನೆವಿಲ್ ಕಪ್ಪುಗಳ ಕಡೆ ಕೈ ತೋರಿಸಿದ.

ಶೆರಿಲ್ ಹದಿನಾರನ್ನೂ ಮತ್ತೆ ಪೇಪರಿನಲ್ಲಿ ಸುತ್ತಿ ಕಪಾಟಿಗೇರಿಸಿ ಹೊರಗೆ ಬಂದಾಗ ಅವನು ಎಂದಿನಂತೆ ಪೈಪು ಹಿಡಿದು ಬೋಳು ನೆಲಕ್ಕೆ ನೀರು ಬಿಡುತ್ತಿದ್ದ. ಪಕ್ಕದಲ್ಲಿ ನಿಂತು ಅವನ ತೋಳು ತಟ್ಟಿ ಮೆಲ್ಲಗೆ ಹೇಳಿದಳು, "ಕಾಂಕ್ರೀಟ್ ಬೂದಿ ಬಣ್ಣದ್ದೋ ಕೆಂಪೋ, ಬರೋ ಶನಿವಾರದೊಳಗೆ ಹೇಳ್ಬಿಡು."

ಬೇಲಿಯ ಮೇಲೆ ಕೆಲ್‌ನ ಗಲ್ಲ ಕಾಣಿಸಿತು. "ಅದಕ್ಕೂ ಒಂದು ಪರೀಕ್ಷೆ ಇದೆ ಗುರೂ."